ತೋಟೆ ಡಬ್ಬದ ಕೀ

2024ರ ಲೋಕಸಭಾ ಚುನಾವಣೆ ಘೋಷಣೆಯಾದದ್ದು ಮಾರ್ಚ್ 16ಕ್ಕೆ, ಶನಿವಾರ. ಮರುವಾರವೇ ಊರಿಂದ ಅಪ್ಪನ ಫೋನ್. "ಸ್ಟೇಷನ್‌ನಿಂದ ಹೇಳಿ ಕಳಿಸಿದ್ದಾರೆ, ಕೋವಿ ಇಡಬೇಕಂತೆ. ಈ ಸಲ ನೀನು ಬರ್ತೀಯಾ? ನನಗೆ ಬಸ್ಸಲ್ಲಿ ಅದನ್ನು ಹಿಡ್ಕೊಂಡು ಹೋಗ್ಲಿಕ್ಕೆ ಆಗುದಿಲ್ಲ." ನಾನು ಮಂಗಳೂರಲ್ಲಿ ಕೆಲಸ ಮಾಡುವವಳು, ಊರು ಕಾರ್ಕಳದ ಆಚೆ, ಘಟ್ಟದ ಬುಡದಲ್ಲಿ. ರಜೆ ಹಾಕಿ ಹೋದೆ. ಸ್ಕೂಟರಿನ ಹಿಂದೆ ಅಪ್ಪ, ಅಪ್ಪನ ತೊಡೆ ಮೇಲೆ ಹಳೇ ಬೈರಾಸಿನಲ್ಲಿ ಸುತ್ತಿದ ಕೋವಿ. ದಾರಿಯಲ್ಲಿ ಸಿಕ್ಕಿದವರೆಲ್ಲ "ಓ, ಓಟು ಬಂತಾ" ಅಂತ ನಗುತ್ತಿದ್ದರು. ಚುನಾವಣೆ ಬಂತೆಂದರೆ ತೋಟ ಕಾಯುವ ಲೈಸೆನ್ಸ್ ಕೋವಿಗಳನ್ನೂ ಪೊಲೀಸರು ಇಡಿಸಿಕೊಳ್ಳುತ್ತಾರೆ, ಎಲ್ಲ ಮುಗಿದ ಮೇಲೆ ವಾಪಸ್. ನಮ್ಮ ಕಡೆ ಚುನಾವಣೆಯ ಮೊದಲ ಮೆರವಣಿಗೆ ಅಂದರೆ ಇದೇ.

ಸ್ಟೇಷನ್‌ನ ಒಂದು ಕೋಣೆಯಲ್ಲಿ ಆಗಲೇ ನಲವತ್ತೈವತ್ತು ಕೋವಿ ಬಂದಿದ್ದವು. ಮಳೆಗಾಲದ ಮದುವೆಯಲ್ಲಿ ಹಾಲ್‌ನ ಬಾಗಿಲ ಬಳಿ ಕೊಡೆಗಳನ್ನು ಒರಗಿಸಿ ಇಟ್ಟಿರುತ್ತಾರಲ್ಲ, ಹಾಗೇ. ಒಂಟಿ ನಳಿಗೆ, ಜೋಡಿ ನಳಿಗೆ, ಅಜ್ಜನ ಕಾಲದ ಕೇಪಿನ ಕೋವಿ, ಪ್ರತಿಯೊಂದಕ್ಕೂ ದಾರದಲ್ಲಿ ಕಟ್ಟಿದ ಒಂದು ರಟ್ಟಿನ ಚೀಟಿ. ಎದುರು ಬೆಂಚಿನಲ್ಲಿ ಕೂತವರೆಲ್ಲ ಅರವತ್ತು ದಾಟಿದವರು. ಒಬ್ಬರಿಗೆ ಕಣ್ಣಿನ ಆಪರೇಷನ್ ಆಗಿ ವಾರ ಆಗಿತ್ತಂತೆ, ಕಪ್ಪು ಕನ್ನಡಕ ಹಾಕಿಕೊಂಡು, ಕೋವಿಯನ್ನು ಊರುಗೋಲಿನ ಹಾಗೆ ಹಿಡಿದು ಕೂತಿದ್ದರು. ರಶೀದಿ ತೆಗೆದುಕೊಳ್ಳುವಾಗ ಅಪ್ಪ ಕೇಳಿದರು, "ಮಂಗಗಳಿಗೂ ನೀತಿ ಸಂಹಿತೆ ಉಂಟಾ ಸಾರ್?" ಎಲ್ಲ ನಕ್ಕರು. ಬರೆದುಕೊಳ್ಳುತ್ತಿದ್ದ ಪೊಲೀಸರೂ ನಕ್ಕರು. ಪ್ರತಿ ಚುನಾವಣೆಗೂ ಯಾರಾದರೂ ಒಬ್ಬರು ಈ ಜೋಕ್ ಹೇಳಿಯೇ ಹೇಳುತ್ತಾರಂತೆ.

ನಮ್ಮಲ್ಲಿ ಓಟು ಏಪ್ರಿಲ್ 26ಕ್ಕೇ ಮುಗಿಯಿತು. ಎಣಿಕೆ ಜೂನ್ 4ಕ್ಕೆ. ಕೋವಿ ಮನೆಗೆ ಬರುವಾಗ ಜೂನ್ ಅರ್ಧ ಕಳೆದು ಮಳೆ ಹಿಡಿದಿತ್ತು. ನಳಿಗೆಯ ಒಳಗೆ ಕೆಂಪಗೆ ತುಕ್ಕು. ಅಷ್ಟರಲ್ಲಿ ಮಂಗಗಳು ತೋಟದಲ್ಲಿ ಬೊಂಡ ಒಂದನ್ನೂ ಬಿಟ್ಟಿರಲಿಲ್ಲ. ಕೊಕ್ಕೊ ಕಾಯಿ ಕೊರೆದು, ತಿರುಳು ಚೀಪಿ, ಖಾಲಿ ಸಿಪ್ಪೆಯನ್ನು ಮರದಲ್ಲೇ ನೇತಾಡಿಸಿ ಹೋಗಿದ್ದವು. ಹಂದಿ ಬಾಳೆಯ ಬುಡ ಅಗೆದು ಹಾಕಿತ್ತು. ಹಿಂದಿನ ವರ್ಷ ವಿಧಾನಸಭೆ ಚುನಾವಣೆಗೂ ಇದೇ ಕತೆ ಆಗಿತ್ತು. ಸಾಲಾಗಿ ಎರಡು ಬೇಸಿಗೆ.

ಆ ರಾತ್ರಿ ಅಣ್ಣ ಟೆಕ್ಸಾಸಿನಿಂದ ವಿಡಿಯೋ ಕಾಲ್ ಮಾಡಿದ. ಅಪ್ಪ ತುಕ್ಕು ತೋರಿಸಿ ಬೈದದ್ದೇ ಬೈದದ್ದು. ಅಣ್ಣ ಎಲ್ಲ ಕೇಳಿ ನನಗೆ ಹೇಳಿದ, "ನೋಡು, ನಾನು ಹೇಳುವುದು ಇದನ್ನೇ. ಕಾನೂನು ಪಾಲಿಸುವವನ ಕೋವಿ ಸ್ಟೇಷನ್‌ನಲ್ಲಿ, ಕಳ್ಳನ ಪಿಸ್ತೂಲು ಕಿಸೆಯಲ್ಲಿ. ನಿಷೇಧ ಅಂದ್ರೆ ಇಷ್ಟೇ ಮಾರಾಯ್ತಿ."

ಆವತ್ತಿಂದ ನಮ್ಮಿಬ್ಬರ ಜಗಳ ನಡೆದೇ ಇದೆ. ಅವನು ಒಂದು ಸುದ್ದಿ ಕಳಿಸುತ್ತಾನೆ, ನಾನು ಒಂದು ಕಳಿಸುತ್ತೇನೆ. ಸಾಕಾಗಿ ಎಲ್ಲವನ್ನೂ ಒಂದು ಕಡೆ ಬರೆದುಬಿಡೋಣ ಅಂತ ಕೂತಿದ್ದೇನೆ. ಉದ್ದ ಆಗಬಹುದು, ಕ್ಷಮಿಸಿ.

ಮೊದಲು ಅಣ್ಣನ ಪಾಲಿನದ್ದನ್ನು ಅವನಿಗೆ ಕೊಟ್ಟುಬಿಡುತ್ತೇನೆ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶರನ್ನು ಅವರವರ ಮನೆ ಬಾಗಿಲಲ್ಲೇ ಕೊಂದದ್ದು ನಾಡ ಪಿಸ್ತೂಲಿನಿಂದ. ಎರಡೂ ಕಡೆ ಬಳಸಿದ್ದು ಒಂದೇ ಪಿಸ್ತೂಲು ಎಂದು ವಿಧಿವಿಜ್ಞಾನ ವರದಿ ಹೇಳಿತು. ಅದಕ್ಕೆ ಯಾವ ಡಿಸಿ ಆಫೀಸೂ ಲೈಸೆನ್ಸ್ ಕೊಟ್ಟಿರಲಿಲ್ಲ. 2025ರ ಜನವರಿ 17ರಂದು ಉಳ್ಳಾಲದ ಕೆ.ಸಿ. ರೋಡಿನಲ್ಲಿ ಹಾಡಹಗಲೇ ಸಹಕಾರಿ ಬ್ಯಾಂಕಿಗೆ ನುಗ್ಗಿದವರ ಕೈಯಲ್ಲೂ ಪಿಸ್ತೂಲಿತ್ತು. ಆವತ್ತು ಮುಖ್ಯಮಂತ್ರಿ ಮಂಗಳೂರಿನಲ್ಲೇ ಇದ್ದರು. ಸ್ಮಾಲ್ ಆರ್ಮ್ಸ್ ಸರ್ವೆ ಎಂಬ ಸಂಸ್ಥೆಯ 2018ರ ಅಂದಾಜಿನ ಪ್ರಕಾರ ಭಾರತದಲ್ಲಿ ಜನರ ಕೈಯಲ್ಲಿರುವ ಕೋವಿ-ಪಿಸ್ತೂಲು ಸುಮಾರು 7 ಕೋಟಿ. ಲೈಸೆನ್ಸ್ ಇರುವುದು ಒಂದು ಕೋಟಿಗೂ ಕಡಿಮೆ. ಅಂದರೆ ಏಳರಲ್ಲಿ ಆರಕ್ಕೆ ಕಾಗದವೇ ಇಲ್ಲ. ಚುನಾವಣೆ ಬಂದಾಗ ಸ್ಟೇಷನ್ ಮೂಲೆಯಲ್ಲಿ ಒರಗುವುದು ಉಳಿದ ಒಂದು ಮಾತ್ರ, ಅದನ್ನು ಹೊತ್ತು ತರುವವರು ಕಣ್ಣಿನ ಆಪರೇಷನ್ ಆದವರು.

ಹಾಗಾಗಿ ಎಲ್ಲರ ಕೋವಿಯನ್ನೂ ಸಾರಾಸಗಟಾಗಿ ತಂದಿಡಿ ಎನ್ನುವ ಪದ್ಧತಿ ನನಗೂ ಸರಿ ಕಾಣುವುದಿಲ್ಲ. ಯಾರ ಮೇಲೆ ಕೇಸಿದೆ, ಯಾರು ಜಗಳಗಂಟ ಅಂತ ಸ್ಟೇಷನ್‌ಗೆ ಗೊತ್ತಿರುತ್ತದೆ. ಯಾರದ್ದು ಇಡಿಸಿಕೊಳ್ಳಬೇಕು, ಯಾರಿಗೆ ವಿನಾಯಿತಿ ಅಂತ ನೋಡುವುದಕ್ಕೇ ಜಿಲ್ಲೆಯಲ್ಲಿ ಒಂದು ಸಮಿತಿ ಇದೆ. ಅರ್ಜಿ ಕೊಟ್ಟು ಅದರ ಹಿಂದೆ ಓಡಾಡುವ ಶಕ್ತಿ ಅಪ್ಪನ ವಯಸ್ಸಿನವರಿಗೆ ಎಲ್ಲಿಂದ ಬರಬೇಕು?

ಆದರೆ ಅಣ್ಣ ಇಲ್ಲಿಂದ ಒಂದೇ ಹಾರಿಗೆ "ಹಾಗಾದ್ರೆ ಯಾವ ನಿಷೇಧವೂ ಕೆಲಸ ಮಾಡುವುದಿಲ್ಲ" ಅನ್ನುವಲ್ಲಿಗೆ ಹೋಗುತ್ತಾನೆ. ಕೊಲ್ಲಬೇಕು ಅಂತ ಹೊರಟವನಿಗೆ ಕೋವಿ ಸಿಗದಿದ್ದರೆ ಕತ್ತಿ ಹಿಡಿಯುತ್ತಾನೆ, ಅಷ್ಟೇ ವ್ಯತ್ಯಾಸ ಎನ್ನುತ್ತಾನೆ. ಈ ಮಾತನ್ನು ಮಂಗಳೂರಿನವಳಾಗಿ ನಾನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ನಮ್ಮ ಜಿಲ್ಲೆಯ ಹೆಸರು ಕೆಡಿಸಿದ್ದು ತಲವಾರು. ಒಂದು ಕೊಲೆ, ಅದಕ್ಕೆ ಪ್ರತೀಕಾರ, ಮತ್ತೆ 144, ಸಂಜೆ ಆರಕ್ಕೆ ಅಂಗಡಿ ಬಂದ್, ಆಫೀಸಿನಿಂದ ಹುಡುಗಿಯರನ್ನೆಲ್ಲ ಬೇಗ ಮನೆಗೆ ಕಳಿಸುವುದು. ಇದನ್ನೆಲ್ಲ ನೋಡಿಯೇ ಬೆಳೆದವರು ನಾವು.

ಆದರೂ ಒಂದು ದಿನ ನೆನಪಿಟ್ಟುಕೊಳ್ಳಿ. 2012ರ ಡಿಸೆಂಬರ್ 14. ಚೀನಾದ ಹೆನಾನ್ ಪ್ರಾಂತ್ಯದ ಒಂದು ಹಳ್ಳಿ ಶಾಲೆಗೆ ಒಬ್ಬ ಚಾಕು ಹಿಡಿದು ನುಗ್ಗಿದ. ಇಪ್ಪತ್ತಕ್ಕೂ ಹೆಚ್ಚು ಮಕ್ಕಳಿಗೆ ಗಾಯ ಆಯಿತು. ಅದೇ ದಿನ ಅಮೆರಿಕದ ಕನೆಕ್ಟಿಕಟ್‌ನ ಸ್ಯಾಂಡಿ ಹುಕ್ ಶಾಲೆಗೆ ಇನ್ನೊಬ್ಬ ರೈಫಲ್ ಹಿಡಿದು ನುಗ್ಗಿದ. ಅಲ್ಲಿ 20 ಮಕ್ಕಳು, 6 ಮಂದಿ ಸಿಬ್ಬಂದಿ ಸತ್ತರು. ಚೀನಾದ ಮಕ್ಕಳಲ್ಲಿ ಒಬ್ಬರೂ ಸಾಯಲಿಲ್ಲ. ಚಾಕು ಯಾವಾಗಲೂ ಹೀಗೆ ಬಿಟ್ಟುಕೊಡುತ್ತದೆ ಅಂತ ನಾನು ಹೇಳುತ್ತಿಲ್ಲ. 2001ರಲ್ಲಿ ಜಪಾನಿನ ಒಸಾಕಾದ ಶಾಲೆಯೊಂದರಲ್ಲಿ ಚಾಕುವಿನಿಂದಲೇ 8 ಮಕ್ಕಳ ಕೊಲೆ ಆಗಿದೆ. ಆದರೆ ಕತ್ತಿ ಹಿಡಿದವನು ಒಬ್ಬೊಬ್ಬರ ಹತ್ತಿರವೂ ಹೋಗಬೇಕು. ಅಷ್ಟರಲ್ಲಿ ಯಾರೋ ಓಡುತ್ತಾರೆ, ಯಾರೋ ಬಾಗಿಲು ಹಾಕುತ್ತಾರೆ, ಯಾರೋ ಕುರ್ಚಿ ಎಸೆಯುತ್ತಾರೆ.

ಇಷ್ಟು ಹೇಳಿದರೆ ಅಣ್ಣ ಕೊಡಗನ್ನು ಎಳೆದು ತರುತ್ತಾನೆ. ಅಲ್ಲಿ ಕೊಡವರಿಗೂ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಲೈಸೆನ್ಸ್ ಬೇಡ, 2021ರಲ್ಲಿ ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು, ಅಲ್ಲೇನು ದಿನಾ ಗುಂಡು ಹಾರುತ್ತಾ ಅಂತ. ಇಲ್ಲ. ಆದರೆ ಅಲ್ಲೂ ವಿನಾಯಿತಿ ಪತ್ರ ಡಿಸಿ ಆಫೀಸಿನಿಂದಲೇ ಬರಬೇಕು, ಕೋವಿ ಯಾರದ್ದು ಅಂತ ಊರಿಗೆಲ್ಲ ಗೊತ್ತು, ವರ್ಷಕ್ಕೊಮ್ಮೆ ಕೈಲ್ ಮುಹೂರ್ತಕ್ಕೆ ಅದಕ್ಕೆ ಹೂವಿಟ್ಟು ಪೂಜೆ ಆಗುತ್ತದೆ. ಅಂಗಡಿಯಿಂದ ಕೊಂಡು ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಹೋಗುವ ವಸ್ತುವಿಗೂ ಇದಕ್ಕೂ ಏನು ಸಂಬಂಧ!

ಈಗ ನಮ್ಮ ಮನೆಯ ಒಂದು ಸಂಗತಿ. ಇದನ್ನು ಬರೆಯಬೇಕಾ ಬೇಡವಾ ಅಂತ ತುಂಬ ಯೋಚಿಸಿದೆ. ಅಮ್ಮನನ್ನು ಕೇಳಿದೆ. "ಬರಿ, ಆದ್ರೆ ಹಂದಿದ್ದೂ ಬರಿ" ಅಂದರು.

ನಾನು ಡಿಗ್ರಿ ಓದುತ್ತಿದ್ದ ಕಾಲ. ಫೆಬ್ರವರಿ ಇರಬೇಕು, ತೋಡಿನಲ್ಲಿ ನೀರು ಇಳಿದು ಕಲ್ಲು ಕಾಣುತ್ತಿತ್ತು. ಪಾಲಾದ ಮೇಲೂ ನಮಗೂ ದೊಡ್ಡಪ್ಪನಿಗೂ ಇದ್ದದ್ದು ಒಂದೇ ಕೆರೆ. ಪಂಪ್ ಮೂರು ದಿನ ನಮಗೆ, ನಾಲ್ಕು ದಿನ ಅವರಿಗೆ. ಆ ಸಂಜೆ ಸರದಿಯ ಲೆಕ್ಕ ತಪ್ಪಿತು. ಅಂಗಳದಲ್ಲಿ ಮಾತಿಗೆ ಮಾತು ಬೆಳೆದು ದೊಡ್ಡಪ್ಪ ಅಜ್ಜಿಯ ಕೊನೆಗಾಲದ ಬಗ್ಗೆ, ಅಪ್ಪ ಅವರನ್ನು ನೋಡಿಕೊಂಡ ರೀತಿಯ ಬಗ್ಗೆ ಒಂದು ಮಾತು ಆಡಿದರು. ಅದನ್ನು ಇಲ್ಲಿ ಬರೆಯುವುದಿಲ್ಲ. ಅಪ್ಪ ಏನೂ ಹೇಳದೆ ಒಳಗೆ ಬಂದರು. ಸಿಟ್ಟು ಬಂದರೆ ಹಟ್ಟಿಯ ದನಕ್ಕೂ ಕೇಳುವ ಹಾಗೆ ಕೂಗಾಡುವ ಮನುಷ್ಯ ಅವರು. ಆವತ್ತು ಸದ್ದಿಲ್ಲ. ಊಟಕ್ಕೂ ಏಳಲಿಲ್ಲ.

ರಾತ್ರಿ ಹತ್ತೂವರೆ ಆಗಿತ್ತು. ಗೋದ್ರೇಜ್ ಕಪಾಟಿನ ಹಿಡಿ ತಿರುಗಿದ ಸದ್ದಾಯಿತು. ನಾನು ಎದ್ದು ಬಂದೆ. ಗೋಡೆಯ ಮೊಳೆಯಲ್ಲಿರಬೇಕಾದ ಕೋವಿ ಚಾವಡಿಯ ಮಂಚದ ಮೇಲಿತ್ತು. ತೋಟೆಗಳನ್ನು, ಅಂದರೆ ಕೋವಿಗೆ ತುಂಬುವ ಗುಂಡುಗಳನ್ನು, ಅಮ್ಮ ಒಂದು ತಗಡಿನ ಡಬ್ಬದಲ್ಲಿ ಬೀಗ ಹಾಕಿ ಇಡುತ್ತಿದ್ದರು. ಯಾರೂ ಹೇಳಿಕೊಟ್ಟದ್ದಲ್ಲ, ನಾವು ಚಿಕ್ಕವರಿದ್ದಾಗ ಶುರು ಮಾಡಿದ ಅವರದೇ ಪದ್ಧತಿ. ಅಪ್ಪ ಆ ಡಬ್ಬ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದರು.

"ಕೀ ಎಲ್ಲಿ?"

"ಯಾವ ಕೀ?" ಅಮ್ಮ ಪಾತ್ರೆ ತಿಕ್ಕುತ್ತಿದ್ದರು.

"ಡಬ್ಬದ್ದು."

"ಅಲ್ಲೇ ಇತ್ತಲ್ಲ. ಮಕ್ಕಳು ತೆಗೆದ್ರಾ ಎಂತದೋ. ಬೆಳಿಗ್ಗೆ ಹುಡುಕುವ."

ಅಪ್ಪ ಹುಡುಕಿದರು. ದೇವರ ಕೋಣೆ, ಕ್ಯಾಲೆಂಡರಿನ ಹಿಂದೆ, ಹೊಲಿಗೆ ಮಿಷಿನ್‌ನ ಡ್ರಾಯರ್. ಅಮ್ಮ ಅಷ್ಟೂ ಹೊತ್ತು ಒಂದೇ ಬಾಣಲೆಯನ್ನು ತಿಕ್ಕುತ್ತಾ ಇದ್ದರು. ಒಂದು ಕಾಲು ಗಂಟೆ ಆಗಿರಬಹುದು. ಆಮೇಲೆ ಅಪ್ಪ ಜಗಲಿಗೆ ಹೋಗಿ ಕೂತು ಎಲೆ ಅಡಿಕೆ ಹಾಕಿದರು. ಅಮ್ಮ ಗಂಜಿ, ಉಪ್ಪಿನಕಾಯಿ ತಂದಿಟ್ಟರು. ಉಂಡರು. ಮಲಗಿದರು.

ಮರುದಿನ ಬೆಳಿಗ್ಗೆ ಅಕ್ಕಿ ಅಳೆಯುವಾಗ ಅಮ್ಮ ಡ್ರಮ್ಮಿನ ಒಳಗೆ ಮೊಣಕೈವರೆಗೆ ಕೈ ಹಾಕಿ ಕೀ ತೆಗೆದು ನನಗೆ ತೋರಿಸಿದರು, ಮತ್ತೆ ಅಲ್ಲೇ ಹಾಕಿದರು.

ಅಪ್ಪ ಇವತ್ತಿಗೂ ಹೇಳುವುದು, ಆ ರಾತ್ರಿ ಬಾಳೆ ತೋಟಕ್ಕೆ ಹಂದಿ ಬಂದಿತ್ತು, ಅದಕ್ಕೇ ತೋಟೆ ಹುಡುಕಿದ್ದು ಅಂತ. ನಾಯಿ ಬೊಗಳುತ್ತಿದ್ದದ್ದು ಹೌದು. ನಾನೇ ಕೇಳಿದ್ದೇನೆ. ಆದ್ದರಿಂದ ಅಮ್ಮ ಅಡಗಿಸಿದ ಆ ಕೀಯಿಂದ ಏನು ತಪ್ಪಿತು, ಒಂದು ಹಂದಿಯ ಜೀವವಾ ಇನ್ನೊಂದಾ, ಅದು ಯಾವತ್ತೂ ಗೊತ್ತಾಗುವುದಿಲ್ಲ. ದೊಡ್ಡಪ್ಪ ಅದಾದ ಮೇಲೂ ಏಳೆಂಟು ವರ್ಷ ಬದುಕಿದ್ದರು. ಸತ್ತಾಗ ಚಟ್ಟಕ್ಕೆ ಹೆಗಲು ಕೊಟ್ಟವರಲ್ಲಿ ಅಪ್ಪನೂ ಒಬ್ಬರು.

ಕೋವಿ ನಿಷೇಧದ ಚರ್ಚೆ ಮುಗಿಯದೇ ಇರುವುದಕ್ಕೆ ಇದೇ ಕಾರಣ ಅಂತ ನನಗೆ ಅನ್ನಿಸುತ್ತದೆ. ನಡೆದ ಕೊಲೆ ಪೇಪರಿನಲ್ಲಿ ಬರುತ್ತದೆ. ನಡೆಯದೇ ಹೋದದ್ದು ಯಾವ ಪುಟದಲ್ಲೂ ಬರುವುದಿಲ್ಲ. ಅದನ್ನು ಇಡೀ ದೇಶದ ಲೆಕ್ಕದಲ್ಲಿ, ಹತ್ತಿಪ್ಪತ್ತು ವರ್ಷ ಬಿಟ್ಟು, ಅದೂ ಮಸುಕಾಗಿ ನೋಡಬೇಕು.

ಆಸ್ಟ್ರೇಲಿಯಾದ ಉದಾಹರಣೆ ಎಲ್ಲರೂ ಕೊಡುತ್ತಾರೆ. 1996ರ ಏಪ್ರಿಲ್ 28ರಂದು ಟಾಸ್ಮೇನಿಯಾದ ಪೋರ್ಟ್ ಆರ್ಥರ್‌ನಲ್ಲಿ ಒಬ್ಬನೇ 35 ಜನರನ್ನು ಕೊಂದ. ಆಗಿನ ಪ್ರಧಾನಿ ಜಾನ್ ಹೊವಾರ್ಡ್ ಎರಡೇ ವಾರದೊಳಗೆ ಎಲ್ಲ ರಾಜ್ಯಗಳನ್ನೂ ಒಪ್ಪಿಸಿದರು. ತನ್ನಷ್ಟಕ್ಕೇ ತುಂಬಿಕೊಂಡು ಒಂದರ ಹಿಂದೆ ಒಂದು ಹಾರಿಸುವ ಬಂದೂಕುಗಳನ್ನು ಜನರ ಕೈಯಿಂದ ತೆಗೆದರು. ಸರ್ಕಾರ ದುಡ್ಡು ಕೊಟ್ಟು ಸುಮಾರು 6.5 ಲಕ್ಷ ಬಂದೂಕು ವಾಪಸ್ ಕೊಂಡು ಪುಡಿ ಮಾಡಿತು. ಕೊಳ್ಳಬೇಕಾದರೆ ಸರಿಯಾದ ಕಾರಣ ಹೇಳಬೇಕು, 28 ದಿನ ಕಾಯಬೇಕು, ಮನೆಯಲ್ಲಿ ಬೀಗ ಹಾಕಿ ಇಡಬೇಕು. ಅಲ್ಲಿ ಕೋವಿಯಿಂದ ಸಾಯುವವರ ಸಂಖ್ಯೆ ಇಳಿಯಿತು, ಆತ್ಮಹತ್ಯೆಗಳೂ ಸೇರಿ. ಮೊದಲೇ ಇಳಿಯುತ್ತಾ ಇತ್ತು ಅಂತ ವಾದ ಮಾಡುವವರೂ ಇದ್ದಾರೆ, ಅದರಲ್ಲೂ ನಿಜ ಇದೆ. ಇದರಲ್ಲಿ ನನಗೆ ಇಷ್ಟವಾದ ಸಂಗತಿ ಬೇರೆ. ಅಪ್ಪ ಆಸ್ಟ್ರೇಲಿಯಾದ ರೈತನಾಗಿದ್ದರೆ ಅವರ ಒಂಟಿ ನಳಿಗೆ ಕೋವಿ ಅವರ ಹತ್ತಿರವೇ ಇರುತ್ತಿತ್ತು! ಅದನ್ನು ಯಾರೂ ಕೇಳಲಿಲ್ಲ. ನಿಷೇಧ ಅಂದಕೂಡಲೇ ಎಲ್ಲವನ್ನೂ ಕಿತ್ತುಕೊಳ್ಳುತ್ತಾರೆ ಅಂತ ನಾವು ಅಂದುಕೊಳ್ಳುತ್ತೇವಲ್ಲ, ಅಲ್ಲಿ ಹಾಗಾಗಲಿಲ್ಲ.

2025ರ ಡಿಸೆಂಬರ್ 14ರಂದು ಸಿಡ್ನಿಯ ಬಾಂಡೈ ಬೀಚಿನಲ್ಲಿ ಯಹೂದಿಯರ ಹಬ್ಬದ ದಿನ 15 ಜನರ ಕೊಲೆಯಾಯಿತು. ಅಣ್ಣ ಸುದ್ದಿ ಕಳಿಸಿ ಕೆಳಗೆ ಬರೆದ, "ಈಗ ಎಂತ ಹೇಳ್ತಿ?" ಗುಂಡು ಹಾರಿಸಿದ್ದು ಒಬ್ಬ ಅಪ್ಪ ಮತ್ತು ಅವನ ಮಗ. ಆ ಅಪ್ಪನ ಹೆಸರಲ್ಲಿ ಕಾನೂನು ಪ್ರಕಾರವೇ ಆರು ಕೋವಿ ಇದ್ದವು. ನಾನು ಎರಡು ದಿನ ಉತ್ತರ ಕೊಡಲಿಲ್ಲ. ಆಮೇಲೆ ಬರೆದೆ, "ಹೊಲ ತೋಟ ಇಲ್ಲದ ಪೇಟೆ ಮನೆಯವನಿಗೆ ಆರು ಯಾಕೆ ಕೊಟ್ಟರು ಅಂತ ಕೇಳ್ತೇನೆ." ನಮ್ಮಲ್ಲಿ ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆದಮೇಲೆ ಒಬ್ಬರಿಗೆ ಎರಡಕ್ಕಿಂತ ಜಾಸ್ತಿ ಇಲ್ಲ. ಆಸ್ಟ್ರೇಲಿಯಾದಲ್ಲಿ ಈಗ 1996ಕ್ಕಿಂತ ಜಾಸ್ತಿ ಕೋವಿಗಳಿವೆ. ಕಾನೂನು ಮಾಡಿ ಕೈ ತೊಳೆದುಕೊಂಡರೆ ಅದಕ್ಕೂ ತುಕ್ಕು ಹಿಡಿಯುತ್ತದೆ.

ಬ್ರಿಟನ್ನಿನ ಕತೆ ಇದಕ್ಕಿಂತ ಹೊಟ್ಟೆ ಉರಿಸುವಂಥದ್ದು. 1996ರ ಮಾರ್ಚಿನಲ್ಲಿ ಸ್ಕಾಟ್ಲೆಂಡಿನ ಡನ್‌ಬ್ಲೇನ್ ಶಾಲೆಯಲ್ಲಿ 16 ಮಕ್ಕಳು, ಒಬ್ಬ ಟೀಚರ್ ಸತ್ತ ಮೇಲೆ ಅಲ್ಲಿ ಜನರು ಪಿಸ್ತೂಲು ಇಟ್ಟುಕೊಳ್ಳುವುದನ್ನೇ ಕಾನೂನು ಮಾಡಿ ನಿಲ್ಲಿಸಿದರು. ಆದರೆ 2021ರ ಆಗಸ್ಟಿನಲ್ಲಿ ಪ್ಲಿಮತ್ ಊರಿನಲ್ಲಿ ಒಬ್ಬ ತನ್ನ ತಾಯಿಯನ್ನೂ ಸೇರಿಸಿ ಐದು ಜನರನ್ನು ಕೊಂದ, ಲೈಸೆನ್ಸ್ ಇದ್ದ ಕೋವಿಯಿಂದಲೇ. ಹಿಂದಿನ ವರ್ಷ ಅವನು ಯಾರಿಗೋ ಹೊಡೆದ ಅಂತ ಪೊಲೀಸರು ಆ ಕೋವಿ ಕಿತ್ತುಕೊಂಡಿದ್ದರು. ಕೊಲೆಗೆ ಒಂದು ತಿಂಗಳ ಮೊದಲು ವಾಪಸ್ ಕೊಟ್ಟಿದ್ದರು! ನಿಷೇಧದ ಪರ ವಿರೋಧ ಅಂತ ನಾವು ಗಂಟಲು ಹರಿದುಕೊಳ್ಳುವಾಗ ಯಾರೋ ಒಬ್ಬ ಗುಮಾಸ್ತ ಒಂದು ಫೈಲಿನ ಮೇಲೆ ಸೀಲು ಒತ್ತುತ್ತಾ ಇರುತ್ತಾನೆ.

ಜಪಾನಿನಲ್ಲಿ ಕೋವಿ ಬೇಕಾದರೆ ಕ್ಲಾಸು, ಪರೀಕ್ಷೆ, ಪೊಲೀಸ್ ವಿಚಾರಣೆ ಎಲ್ಲ ಇದೆ. ಆದರೂ 2022ರ ಜುಲೈ 8ರಂದು ಮಾಜಿ ಪ್ರಧಾನಿ ಶಿಂಜೊ ಅಬೆಯವರನ್ನು ಒಬ್ಬ ಪೈಪು, ಟೇಪು ಸೇರಿಸಿ ಮನೆಯಲ್ಲೇ ಮಾಡಿದ ಕೋವಿಯಿಂದ ಕೊಂದ. ಇದೂ ಅಣ್ಣನ ಮೆಚ್ಚಿನ ಉದಾಹರಣೆ. ಹೌದು, ಮಾಡಬಹುದು. ನಮ್ಮ ಕೋವಿ ಸ್ಟೇಷನ್‌ನಲ್ಲಿದ್ದಾಗ ಪಕ್ಕದ ಮನೆ ಹುಡುಗ ಅಪ್ಪನಿಗೆ ಪಿವಿಸಿ ಪೈಪು, ಕಾರ್ಬೈಡು ಹಾಕಿ ಸದ್ದು ಮಾಡುವ ಒಂದು ಕೋವಿ ಮಾಡಿಕೊಟ್ಟಿದ್ದ. ಮಂಗಗಳು ಮೂರು ದಿನ ಹೆದರಿದವು. ನಾಲ್ಕನೇ ದಿನ ಅಪ್ಪನ ರೆಪ್ಪೆ ಕೂದಲು ಸುಟ್ಟಿತು, ಕಣ್ಣು ಉಳಿದದ್ದು ಪುಣ್ಯ. ಅಬೆಯವರನ್ನು ಕೊಂದವನಿಗೆ ತಿಂಗಳುಗಟ್ಟಲೆ ಕೂತು ಮಾಡುವಷ್ಟು ಹಟ ಇತ್ತು. ಅಂಥವನನ್ನು ತಡೆಯುವುದು ಕಷ್ಟ. ಆದರೆ ಅಂಥವರು ಎಷ್ಟು ಜನ? 12 ಕೋಟಿ ಜನರ ಆ ದೇಶದಲ್ಲಿ ಕೆಲವು ವರ್ಷ ಗುಂಡೇಟಿಗೆ ಸಾಯುವವರು ಹತ್ತು ಜನರೂ ಇರುವುದಿಲ್ಲ.

ಅಮೆರಿಕದಲ್ಲಿ 2021ರಲ್ಲಿ ಕೋವಿಯಿಂದ ಸತ್ತವರು 48,800ಕ್ಕೂ ಜಾಸ್ತಿ. ಅದರಲ್ಲಿ 26,000ಕ್ಕೂ ಹೆಚ್ಚು ಆತ್ಮಹತ್ಯೆ. ಅರ್ಧಕ್ಕಿಂತ ಹೆಚ್ಚು! ಟಿವಿಯಲ್ಲಿ ನಾವು ನೋಡುವುದು ಶಾಲೆ, ಮಾಲ್, ಪೊಲೀಸ್ ಕಾರು. ಹೆಚ್ಚಿನವರು ಸತ್ತದ್ದು ತಮ್ಮದೇ ಕೈಯಲ್ಲಿ. ಅವರಿಗೆ ಕೀ ಹುಡುಕುವ ಕಾಲು ಗಂಟೆ ಇರಲಿಲ್ಲ.

ಇದು ಬರೀ ಕೋವಿಯ ವಿಷಯ ಅಲ್ಲ. ನಮ್ಮ ಕಡೆಯವರಿಗೆ ಎಂಡೋಸಲ್ಫಾನ್ ಎಂಬ ಕೀಟನಾಶಕ ಅಂದರೆ ಕೊಕ್ಕಡ, ಪಟ್ರಮೆ, ಕಾಸರಗೋಡಿನ ಗೇರು ತೋಟಗಳು, ಹಾಸಿಗೆಯಿಂದ ಏಳದ ಮಕ್ಕಳು ನೆನಪಾಗುತ್ತಾರೆ. ನಮ್ಮಲ್ಲಿ ಸುಪ್ರೀಂ ಕೋರ್ಟು ಅದನ್ನು ನಿಲ್ಲಿಸಿದ್ದು 2011ರಲ್ಲಿ. ಶ್ರೀಲಂಕಾ 1998ರಲ್ಲೇ ನಿಷೇಧಿಸಿತ್ತು, ಕಾರಣ ಬೇರೆ. ಅಲ್ಲಿ ಹಳ್ಳಿಗಳಲ್ಲಿ ಜಗಳ, ಸಾಲ, ಬೇಸರ ಏನೇ ಆದರೂ ಕೈಗೆ ಸಿಗುತ್ತಿದ್ದದ್ದು ಕೀಟನಾಶಕ. 1995ರಿಂದ ತುಂಬ ವಿಷದ ಔಷಧಿಗಳನ್ನು ಒಂದೊಂದೇ ಅಂಗಡಿಯಿಂದ ತೆಗೆಯುತ್ತಾ ಬಂದರು. ಮುಂದಿನ ಎರಡು ದಶಕದಲ್ಲಿ ಆ ದೇಶದ ಆತ್ಮಹತ್ಯೆ ಪ್ರಮಾಣ ಸುಮಾರು ಶೇಕಡಾ 70ರಷ್ಟು ಇಳಿಯಿತು. ಸಾಲ ಹೋಗಿರಲಿಲ್ಲ, ಗಂಡ ಹೆಂಡತಿ ಜಗಳವೂ ನಿಂತಿರಲಿಲ್ಲ. ಸಾಯಬೇಕು ಅನ್ನಿಸಿದವರು ಹೇಗಾದರೂ ಸತ್ತೇ ಸಾಯುತ್ತಾರೆ ಅನ್ನುವ ಮಾತನ್ನು ಇದಾದ ಮೇಲೆ ನಾನು ಹೇಗೆ ನಂಬಲಿ?

ಅಣ್ಣನ ಮಗಳಿಗೆ ಏಳು ವರ್ಷ. ಶಾಲೆಯಲ್ಲಿ ತಿಂಗಳಿಗೊಮ್ಮೆ ಬಾಗಿಲು ಹಾಕಿ, ಲೈಟ್ ಆರಿಸಿ, ಮೂಲೆಯಲ್ಲಿ ಸದ್ದಿಲ್ಲದೆ ಕೂರುವ ಅಭ್ಯಾಸ ಮಾಡಿಸುತ್ತಾರೆ. ಅವಳು ಅದನ್ನು ನನಗೆ ಫೋನಿನಲ್ಲಿ ಆಟದ ಹಾಗೆ ಹೇಳಿದಳು. ಸೀನು ಬಂದರೆ ಏನು ಮಾಡಬೇಕು ಅಂತಲೂ ಹೇಳಿಕೊಟ್ಟಳು, ಮೂಗನ್ನು ಮೊಣಕೈಗೆ ಒತ್ತಿ ಹಿಡಿಯಬೇಕಂತೆ. 2022ರಲ್ಲಿ ಅದೇ ಟೆಕ್ಸಾಸಿನ ಯುವಾಲ್ಡಿ ಶಾಲೆಯಲ್ಲಿ 19 ಮಕ್ಕಳು, ಇಬ್ಬರು ಟೀಚರ್ ಸತ್ತರು. ಆವತ್ತು ಅಲ್ಲಿಗೆ ಬಂದ ಪೊಲೀಸರು ಒಟ್ಟು 376. ಒಳಗೆ ಹೋಗಲು ತೆಗೆದುಕೊಂಡದ್ದು 77 ನಿಮಿಷ. ಒಳ್ಳೆಯವರ ಕೈಗೂ ಕೋವಿ ಕೊಟ್ಟರೆ ಸರಿಹೋಗುತ್ತದೆ ಅನ್ನುವ ಮಾತು ಬಂದಾಗೆಲ್ಲ ನಾನು ಈ ಎರಡು ಸಂಖ್ಯೆ ಕಳಿಸುತ್ತೇನೆ. ಅಣ್ಣ ಅದಕ್ಕೆ ಮಾತ್ರ ಏನೂ ಬರೆಯುವುದಿಲ್ಲ.

ಈಗ ಅಪ್ಪನಿಗೆ 76. ಎಪ್ಪತ್ತು ದಾಟಿದರೆ ಕೋವಿಯನ್ನು ಮಕ್ಕಳ ಹೆಸರಿಗೆ ಮಾಡಿಸಲು 2016ರ ಶಸ್ತ್ರಾಸ್ತ್ರ ನಿಯಮದಲ್ಲಿ ಅವಕಾಶ ಇದೆ. ಅಣ್ಣ ಅಲ್ಲಿ, ಹಾಗಾಗಿ ಅರ್ಜಿ ನನ್ನ ಹೆಸರಲ್ಲಿ. ಮಣಿಪಾಲದ ರಜತಾದ್ರಿಗೆ, ಅಂದರೆ ನಮ್ಮ ಡಿಸಿ ಆಫೀಸಿಗೆ, ಎರಡು ಸಲ ಹೋಗಿ ಬಂದೆ. ಡಾಕ್ಟರ್ ಸರ್ಟಿಫಿಕೇಟು, ಫೋಟೋ, ಆರ್‌ಟಿಸಿ. ಇಷ್ಟೆಲ್ಲ ಬರೆದವಳು ಕೋವಿ ಲೈಸೆನ್ಸಿಗೆ ಅರ್ಜಿ ಹಾಕಿದ್ದೀಯಾ ಅಂತ ಅಣ್ಣ ನಗುತ್ತಾನೆ. ನಗಲಿ. ಮಂಗ ಬರುವುದು ನಿಂತಿಲ್ಲವಲ್ಲ.

ಕಳೆದ ಭಾನುವಾರ ವಿಚಾರಣೆಗೆ ಪೊಲೀಸರೊಬ್ಬರು ಮನೆಗೆ ಬಂದಿದ್ದರು. ಚಿಕ್ಕ ವಯಸ್ಸು, ಬಯಲುಸೀಮೆಯವರು, ಬೆವರು ಒರೆಸಿಕೊಳ್ಳುತ್ತಾ ಜಗಲಿಯಲ್ಲಿ ಕೂತರು. "ನಿಮಗೆ ಸಿಟ್ಟು ಜಾಸ್ತಿ ಏನ್ರೀ ಮೇಡಂ?" ಅಂತ ನಗುತ್ತಲೇ ಕೇಳಿದರು. ನಾನು ಉತ್ತರ ಹುಡುಕುವ ಮೊದಲೇ "ಅಪ್ಪನಷ್ಟಿಲ್ಲ" ಅಂತ ಒಳಗಿಂದ ಅಮ್ಮನ ದನಿ ಬಂತು. ಕೋವಿ ಎಲ್ಲಿಡುತ್ತೀರಿ ಅಂತ ಕೇಳಿದರು. ಅಪ್ಪ ಗೋಡೆಯ ಮೊಳೆ ತೋರಿಸಿದರು. ಹಾಗೆ ನೇತು ಹಾಕಬಾರದು, ಕಪಾಟಿನಲ್ಲಿ ಇಡಬೇಕು ಅಂದರು. ಅಪ್ಪ ಆಯ್ತು ಅಂದರು.

"ತೋಟೆ ಎಲ್ಲಿಡ್ತೀರಿ?"

ಅಪ್ಪ ನನ್ನ ಮುಖ ನೋಡಿದರು. ನಾನು ಬಾಗಿಲಿಗೆ ಬಂದು ನಿಂತಿದ್ದ ಅಮ್ಮನ ಮುಖ ನೋಡಿದೆ.

"ಅದು ಉಂಟು. ಡಬ್ಬದಲ್ಲಿ ಬೀಗ ಹಾಕಿ ಇಟ್ಟಿದ್ದೇನೆ" ಅಂದರು ಅಮ್ಮ.

"ಕೀ ಎಲ್ಲೈತಮ್ಮ?"

"ಚಾ ಕುಡಿತೀರಲ್ಲ?" ಅಂತ ಕೇಳಿ ಅಮ್ಮ ಒಳಗೆ ಹೋದರು.